ಹುಣಸೆ ಬೇಸಾಯ: ನಮ್ಮ ಅನುಭವ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ಒಬ್ಬರು ಅಡಿಕೆ ಬಗ್ಗೆ ಮಾತಾಡಿದರು, ಒಬ್ಬರು ಹೈನುಗಾರಿಕೆ ಬಗ್ಗೆ ಮಾತಾಡಿದರು. ನಮಗೆ ಉಳಿದದ್ದು ಹುಣಸೆ. ಕಾರ್ಯದರ್ಶಿಗಳು ಪಟ್ಟಿ ಓದುವಾಗ ‘ಹುಣಸೆ ಬೇಸಾಯ’ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಹುಣಸೆಗೂ ಬೇಸಾಯ ಅಂತ ಒಂದಿದೆಯಾ ಅಂತ ನಾವೂ ಹತ್ತು ವರ್ಷದ ಹಿಂದೆ ನಗುತ್ತಿದ್ದವರೇ. ಹಕ್ಕಿ ಉಗುಳಿದ ಬೀಜ ಬದುವಿನಲ್ಲಿ ಹುಟ್ಟುತ್ತೆ, ಬೆಳೆಯುತ್ತೆ, ಕಾಯಿ ಬಿಡುತ್ತೆ, ಬಡಿದುಕೊಂಡು ಬರ್ತೀವಿ. ಅಷ್ಟೇ ಅಂದುಕೊಂಡಿದ್ದೆವು. ನಾವು ಓದಿದ್ದು ಎಸ್‌.ಎಸ್‌.ಎಲ್‌.ಸಿ. ತನಕ. ಇಲ್ಲಿ ಹೇಳುವುದು ಅರ್ಧ ನಮ್ಮ ಹೊಲದಲ್ಲಿ ಕಲಿತದ್ದು, ಅರ್ಧ ವಿಜ್ಞಾನಿಗಳ ಹತ್ತಿರ ಕೇಳಿ ತಿಳಿದದ್ದು. ತಪ್ಪಿದ್ದರೆ ತಿದ್ದಬೇಕು.

ಈ ಮರ ನಮ್ಮದೇ ಅಂತ ನಾವೆಲ್ಲ ತಿಳಿದಿದ್ದೇವೆ. ಅದರ ತವರು ಆಫ್ರಿಕಾ. ಯಾವ ಕಾಲದಲ್ಲಿ ಬಂತೋ, ಬಂದು ಎಷ್ಟು ನಮ್ಮದಾಗಿ ಹೋಯಿತು ಅಂದರೆ ಅರಬ್ಬರು ಇದನ್ನು ಹಿಂದೂಸ್ಥಾನದ ಖರ್ಜೂರ, ‘ತಮರ್ ಎ ಹಿಂದ್’ ಅಂತ ಕರೆದರು. ಇಂಗ್ಲಿಷಿನ ಟ್ಯಾಮರಿಂಡ್ ಅನ್ನೋದು ಅದರಿಂದಲೇ ಬಂದದ್ದು. ಜಾತಿಯಲ್ಲಿ ಇದು ಅವರೆ, ತೊಗರಿ, ಹೊಂಗೆಗಳ ಸಂಬಂಧಿ, ದ್ವಿದಳ ಕುಟುಂಬದ್ದು. ಆದರೆ ಹೊಂಗೆ ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಗಂಟು ಇರುತ್ತೆ, ಹುಣಸೆ ಬೇರಿನಲ್ಲಿ ಅದು ಇಲ್ಲ. ದ್ವಿದಳದ್ದು ತಾನೇ, ಗೊಬ್ಬರ ಯಾಕೆ ಅಂತ ಬಿಟ್ಟರೆ ಮೋಸ ಹೋಗ್ತೀವಿ. ಹುಣಸೆಗೂ ಗೊಬ್ಬರ ಬೇಕು. ನಮ್ಮ ಹಿರಿಯರು ತಿಪ್ಪೆ ಪಕ್ಕದ ಹುಣಸೆಮರ ಯಾವಾಗಲೂ ಜಾಸ್ತಿ ಬಿಡುತ್ತೆ ಅನ್ನುತ್ತಿದ್ದರು, ಕಾರಣ ಇದೇ.

ನಮ್ಮ ಸೀಮೆಯ ಭೂಮಿ ನಿಮಗೆ ಗೊತ್ತು. ಕೆಂಪು ಜಲ್ಲಿ ನೆಲ, ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವೇ ಬರಪೀಡಿತ ಅಂತ ಸಾರಿತು. ಆ ಬೇಸಿಗೆಯಲ್ಲಿ ನಮ್ಮಲ್ಲಿ ಕೆಲವರು ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಗಿಡಗಳ ಬುಡಕ್ಕೆ ಹುಯ್ದರು. ಸಾವಿರ ಅಡಿ ಕೊರೆಸಿದ ಬೋರಿನಲ್ಲಿ ಧೂಳು ಬಂತು. ಆಗ ಬದುವಿನ ಹುಣಸೆಮರಗಳು ಹಸಿರಾಗಿಯೇ ನಿಂತಿದ್ದವು. ಅಡಿಕೆ ಹಾಕಿದವರನ್ನು ನಾವು ಆಡಿಕೊಳ್ಳುತ್ತಿಲ್ಲ, ನಮ್ಮ ಮನೆಯಲ್ಲೂ ಅರ್ಧ ಎಕರೆ ಅಡಿಕೆ ಇತ್ತು, ಈಗ ಇಲ್ಲ.

ಈಗ ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ.

ನಮ್ಮ ತಾತನ ಕಾಲದಲ್ಲಿ ಹೊಲದ ಬದುವಿನಲ್ಲಿ ಹದಿನಾಲ್ಕು ಹುಣಸೆಮರ ಇದ್ದವು. ಅದರಲ್ಲಿ ಒಂದಕ್ಕೆ ‘ಸಿಹಿಮರ’ ಅಂತಲೇ ಹೆಸರು. ದೋರೆಗಾಯಿ ಆದಾಗ ಊರಿನ ಹುಡುಗರೆಲ್ಲ ಅದರ ಮೇಲೆಯೇ ಇರುತ್ತಿದ್ದರು. 2003ರಲ್ಲಿ, ಎರಡನೇ ವರ್ಷದ ಬರದಲ್ಲಿ, ನಮ್ಮ ಅಕ್ಕನ ಮದುವೆ ಕಟ್ಟಿಕೊಂಡಾಗ ಮೂರು ಮರ ಇಟ್ಟಿಗೆ ಗೂಡಿನವರಿಗೆ ಮಾರಿದೆವು. ಮೂರನೆಯದು ಸಿಹಿಮರ. ಮರದ ತೂಕ ಎಷ್ಟೋ ಅವರೇ ಹೇಳಿದರು, ದುಡ್ಡು ಎಷ್ಟೋ ಅವರೇ ಹೇಳಿದರು. ನಾಲ್ಕು ದಿನ ಗರಗಸ ಹಾಕಿದರು. ಹುಣಸೆ ಚೇಗು ಎಂಥ ಗಟ್ಟಿ ಅಂತ ಗಾಣ ಮಾಡಿಸುತ್ತಿದ್ದವರಿಗೆ, ಒನಕೆ ಮಾಡಿಸಿದವರಿಗೆ ಗೊತ್ತು. ನಮ್ಮ ಅಪ್ಪ ಆ ನಾಲ್ಕು ದಿನ ಹೊಲದ ಕಡೆ ಹೋಗಲಿಲ್ಲ. ಆಮೇಲೆ ಸಿಹಿಮರದ ಬೀಜ ಹುಡುಕಿ ತಂದು ನಾಟಿ ಮಾಡಿದೆವು. ಮೂರು ಗಿಡ ಬದುಕಿದವು. ಹನ್ನೊಂದನೇ ವರ್ಷಕ್ಕೆ ಕಾಯಿ ಬಿಟ್ಟವು. ಮೂರೂ ಹುಳಿ, ನಾಲಿಗೆ ಕತ್ತರಿಸೋ ಹುಳಿ!

ಇದು ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ಹುಣಸೆ ಹೂವಿಗೆ ಜೇನು ಬಂದು ಬೇರೆ ಮರದ ಪರಾಗ ತಂದು ಮುಟ್ಟಿಸುತ್ತೆ. ಹಾಗಾಗಿ ಬೀಜದ ಗಿಡ ತಾಯಿಯಂತೆಯೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಒಂದೇ ಮರದ ಹತ್ತು ಬೀಜ ಹಾಕಿದರೆ ಹತ್ತು ತರಹದ ಮರ ಆಗಬಹುದು. ಒಳ್ಳೆ ಮರ ಉಳಿಯಬೇಕು ಅಂದರೆ ಕಡ್ಡಿ ತಂದು ಕಸಿ ಕಟ್ಟಬೇಕು. ಸಿಹಿಮರ ಕಡಿಯುವ ಮುಂಚೆ ನಮಗೆ ಅದು ಗೊತ್ತಿದ್ದರೆ ಒಂದು ಮೊಳ ಕಡ್ಡಿ ಸಾಕಾಗಿತ್ತು. ನಿಮ್ಮ ನಿಮ್ಮ ಹೊಲದಲ್ಲಿ ಅಂಥ ಮರ ಇದ್ದರೆ, ಉದ್ದ ಕಾಯಿ, ದಪ್ಪ ತಿರುಳು, ವರ್ಷ ಬಿಡದೆ ಕಾಯಿ ಬಿಡೋದು, ದಯವಿಟ್ಟು ಮಾರುವ ಮುಂಚೆ ಒಂದು ಮಾತು ಸಂಘಕ್ಕೆ ಬಂದು ಹೇಳಿ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹಳೇ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. 54 ಎಕರೆ ತೋಪು ಅದು. ನಾವು ಹೋಗಿ ನೋಡಿ ಬಂದಿದ್ದೇವೆ. ಕೆಲವು ಮರದ ಬೊಡ್ಡೆ ಪೊಳ್ಳಾಗಿ ಒಳಗೆ ಇಬ್ಬರು ಕೂರಬಹುದು, ಮೇಲೆ ಮಾತ್ರ ಚಿಗುರು. ಮರ ಮುಪ್ಪಾದರೂ ಹುಳಿ ಮುಪ್ಪೇ ಅಂತ ಸುಮ್ಮನೆ ಗಾದೆ ಮಾಡಿಲ್ಲ.

ಕಸಿ ತಳಿಗಳ ವಿಚಾರ. ತಮಿಳುನಾಡಿನ ಪೆರಿಯಕುಳಂನಲ್ಲಿ ಆಯ್ಕೆ ಮಾಡಿದ ಪಿ.ಕೆ.ಎಂ.-1 ಹೆಚ್ಚು ಪ್ರಚಾರದಲ್ಲಿದೆ. ಧಾರವಾಡದ ಕಡೆಯಿಂದ ಡಿ.ಟಿ.ಎಸ್.-1 ಬಂದಿದೆ. ನಮ್ಮ ತುಮಕೂರು ಜಿಲ್ಲೆಯಲ್ಲೇ ಹಿರೇಹಳ್ಳಿಯಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಹಲಸಿನಲ್ಲಿ ‘ಸಿದ್ದು’ ತಳಿಯನ್ನು ಗುಬ್ಬಿ ತಾಲ್ಲೂಕಿನ ರೈತರ ಮರದಿಂದಲೇ ಗುರುತಿಸಿ ಹೊರತಂದ ಜಾಗ ಅದು. ಹುಣಸೆಯಲ್ಲೂ ‘ಲಕ್ಷ್ಮಣ’ ಅಂತ ನಮ್ಮ ಜಿಲ್ಲೆಯ ರೈತರ ತೋಟದ ತಳಿಯನ್ನೇ ಗುರುತಿಸಿದ್ದಾರೆ. ನಮಗೆ ಅದು ಬಹಳ ಹೆಮ್ಮೆ. ಬೀಜದ ಗಿಡ ಫಲ ಕೊಡಲು ಎಂಟು ಹತ್ತು ವರ್ಷ ಕಾಯಬೇಕು. ಕಸಿಗಿಡ ನಾಲ್ಕನೇ ಐದನೇ ವರ್ಷಕ್ಕೆ ಶುರು ಮಾಡುತ್ತೆ. ‘ನಾವು ಸತ್ತ ಮೇಲೆ ಬಿಡೋ ಮರ ನಮಗ್ಯಾಕೆ’ ಅಂತ ಆಡಳಿತ ಮಂಡಳಿ ಸಭೆಯಲ್ಲಿ ಒಬ್ಬರು ಹಿರಿಯರು ಅಂದಿದ್ದರು. ಅವರ ಹೊಲದಲ್ಲೇ ಈಗ ಆರು ವರ್ಷದ ಕಸಿಗಿಡ ಕಾಯಿ ಬಿಟ್ಟಿದೆ. ಅವರು ಇಲ್ಲೇ ಕೂತಿದ್ದಾರೆ, ಹೆಸರು ಹೇಳಲ್ಲ.

ನಾಟಿ ಮಾಡುವವರು ಮಳೆಗಾಲ ಹತ್ತುವ ಮುಂಚೆಯೇ ಗುಂಡಿ ತೆಗೆದು ಬಿಸಿಲು ಕುಡಿಸಿ. ಮೂರಡಿ ಉದ್ದ, ಅಗಲ, ಆಳ. ಕೊಟ್ಟಿಗೆ ಗೊಬ್ಬರ ಮೇಲ್ಮಣ್ಣು ಸೇರಿಸಿ ತುಂಬಿ. ಗಿಡದಿಂದ ಗಿಡಕ್ಕೆ ಹತ್ತು ಮೀಟರ್ ಬಿಟ್ಟರೆ ಎಕರೆಗೆ 40 ಗಿಡ ಹಿಡಿಯುತ್ತೆ. ದೂರ ಆಯಿತು ಅಂತ ಮೊದಲು ಅನಿಸುತ್ತೆ, ಹದಿನೈದು ವರ್ಷ ಆದ ಮೇಲೆ ಸರಿ ಅನಿಸುತ್ತೆ. ಕಸಿ ಕಟ್ಟಿದ ಗಂಟು ಮಣ್ಣಿನೊಳಗೆ ಹೋಗಬಾರದು, ಅದರ ಕೆಳಗೆ ಬರೋ ಚಿಗುರನ್ನು ಆಗಾಗ ಚಿವುಟುತ್ತಿರಬೇಕು. ನಮ್ಮ ಎರಡು ಗಿಡದಲ್ಲಿ ಇದನ್ನು ನೋಡದೆ ಬಿಟ್ಟು, ಮೇಲಿನ ಕಸಿ ಒಣಗಿ ಕೆಳಗಿನ ನಾಟಿ ಗಿಡವೇ ದೊಡ್ಡದಾಯಿತು. ದುಡ್ಡು ಕೊಟ್ಟದ್ದು ಕಸಿಗೆ, ಬೆಳೆದದ್ದು ಕಾಡುಗಿಡ. ನೀರು ನಿಲ್ಲುವ ಜಾಗ ಮಾತ್ರ ಬೇಡ. ಮೊದಲ ಎರಡು ಮೂರು ಬೇಸಿಗೆ ವಾರಕ್ಕೊಂದು ಬಿಂದಿಗೆ ನೀರು ಕೊಟ್ಟರೆ ಆಮೇಲೆ ಅದು ನಿಮ್ಮನ್ನು ಕೇಳಲ್ಲ. ಗೆದ್ದಲು ನೋಡಿಕೊಳ್ಳಿ. ಗೆದ್ದಲಿಗಿಂತ ದೊಡ್ಡ ಶತ್ರು ಮೇಕೆ. ಹುಣಸೆ ಚಿಗುರು ಕಂಡರೆ ಮೇಕೆಗೂ ಬಸುರಿ ಹೆಂಗಸಿಗೂ ತಡೆಯೋಕಾಗಲ್ಲ ಅಂತ ನಮ್ಮ ಅಜ್ಜಿ ಅನ್ನುತ್ತಿದ್ದಳು. ಸುತ್ತ ಮುಳ್ಳು ಕಟ್ಟಲೇಬೇಕು. ಗಿಡ ಸಣ್ಣದಿರುವ ನಾಲ್ಕೈದು ವರ್ಷ ಸಾಲಿನ ನಡುವೆ ರಾಗಿ, ಹುರುಳಿ, ಕಡಲೆಕಾಯಿ ಧಾರಾಳವಾಗಿ ಬೆಳೆಯಬಹುದು. ನೆರಳು ಬಂದ ಮೇಲೆ ಆಸೆ ಬಿಡಬೇಕು.

ಹೂವು ಮೇ ಜೂನ್‌ನಲ್ಲಿ ಶುರುವಾಗುತ್ತೆ, ಕಾಯಿ ಹಣ್ಣಾಗೋದು ಸಂಕ್ರಾಂತಿ ಕಳೆದ ಮೇಲೆ ಯುಗಾದಿ ತನಕ. ಒಂದು ವರ್ಷ ಭರ್ತಿ ಬಿಟ್ಟರೆ ಮರುವರ್ಷ ಕಡಿಮೆ. ನಮ್ಮ ಒಂದು ದೊಡ್ಡ ಮರ ಒಳ್ಳೆ ವರ್ಷ ಒಂದೂವರೆ ಕ್ವಿಂಟಾಲ್ ಕಾಯಿ ಕೊಟ್ಟರೆ ಮುಂದಿನ ವರ್ಷ ಮೂವತ್ತು ಕೆ.ಜಿ.ಗೆ ನಿಲ್ಲುತ್ತೆ. ಇದು ಮರದ ಗುಣವೇ, ಆದರೆ ಅರ್ಧ ನಾವೇ ಮಾಡಿಕೊಳ್ಳೋದು. ಗಳ ಹಿಡಿದು ಬಡಿಯುತ್ತೀವಲ್ಲ, ಕಾಯಿ ಜೊತೆ ಮುಂದಿನ ವರ್ಷ ಹೂ ಬಿಡಬೇಕಾದ ಎಳೇ ರೆಂಬೆಯೂ ಮುರಿದು ಬೀಳುತ್ತೆ. ಕೊಂಬೆ ಅಲುಗಾಡಿಸಿ ಉದುರಿಸಬೇಕು, ಉಳಿದದ್ದು ದೋಟಿಯಲ್ಲಿ ಕೀಳಬೇಕು. ಬಡಿಯೋದು ಗುತ್ತಿಗೆದಾರನ ಕೆಲಸ, ಅವನಿಗೆ ಮುಂದಿನ ವರ್ಷದ ಚಿಂತೆ ಇಲ್ಲ.

ಗುತ್ತಿಗೆ ಮಾತು ಬಂತು. ನಮ್ಮ ಭಾಗದಲ್ಲಿ ಗೌರಿ ಗಣೇಶ ಹಬ್ಬಕ್ಕೆ ಮುಂಚೆ ಕೈಯಲ್ಲಿ ದುಡ್ಡು ಇರಲ್ಲ. ಆಗ ಮರದಲ್ಲಿ ಹೂವು, ಪಿಂದೆ. ವ್ಯಾಪಾರಿ ಬಂದು ಮರ ನೋಡಿ, ತಲೆ ಅಲ್ಲಾಡಿಸಿ, ‘ಈ ವರ್ಷ ಅಷ್ಟಕ್ಕಷ್ಟೇ ಗೌಡ್ರೇ’ ಅಂತ ಒಂದು ರೇಟು ಹೇಳಿ ಮುಂಗಡ ಕೊಟ್ಟು ಹೋಗ್ತಾನೆ. 2009ರಲ್ಲಿ ನಾವು ಉಳಿದ ಹನ್ನೊಂದು ಮರವನ್ನು ಏಳು ಸಾವಿರಕ್ಕೆ ಕೊಟ್ಟೆವು. ಫೆಬ್ರವರಿಯಲ್ಲಿ ನಮ್ಮ ಕಣದಲ್ಲೇ ತೂಕ ಹಾಕಿದರು, ಹದಿಮೂರು ಕ್ವಿಂಟಾಲ್ ಕಾಯಿ. ಕೂಲಿ, ಸಾಗಣೆ ಎಲ್ಲಾ ಕಳೆದರೂ ನಮಗೆ ಬಂದದ್ದರ ದುಪ್ಪಟ್ಟು ಅವರಿಗೆ ಉಳಿಯಿತು. ಅವರನ್ನು ಬೈದು ಪ್ರಯೋಜನ ಇಲ್ಲ. ಅವರು ದುಡ್ಡು ತಂದದ್ದು ನಮಗೆ ಬೇಕಾದ ದಿನ. ಆ ದಿನ ನಮ್ಮ ಸಂಘದಲ್ಲಿ ಹುಣಸೆ ಮರದ ಮೇಲೆ ಸಾಲ ಕೊಡುವ ಯೋಚನೆಯೇ ಇರಲಿಲ್ಲ.

2011ರ ಮಾರ್ಚ್‌ನಲ್ಲಿ ನಮ್ಮ ಅಣ್ಣ ಗುತ್ತಿಗೆಯವರ ಜೊತೆ ಕೂಲಿಗೆ ಮರ ಹತ್ತಿದ್ದ. ಮರ ನಮ್ಮದೇ, ಫಸಲು ಬೇರೆಯವರದು, ಕೂಲಿ ನಮ್ಮ ಅಣ್ಣನದು. ಬೆಳಗಿನ ಮಂಜಿಗೆ ತೊಗಟೆ ಜಾರುತ್ತಿತ್ತು. ಸುಮಾರು ಇಪ್ಪತ್ತೈದು ಅಡಿಯಿಂದ ಬಿದ್ದ. ಹುಣಸೆ ರೆಂಬೆ ಬಳುಕುತ್ತೆ, ಮುರಿಯಲ್ಲ ಅಂತ ನಂಬಿಕೆ ನಮಗೆ. ರೆಂಬೆ ಮುರಿಯಲಿಲ್ಲ, ಕಾಲು ಜಾರಿತು. ಬೆನ್ನುಮೂಳೆಗೆ ಪೆಟ್ಟು. ಆಸ್ಪತ್ರೆಯಲ್ಲಿ ಯಶಸ್ವಿನಿ ಕಾರ್ಡು ಇದೆಯಾ ಅಂದರು. 2003ರಿಂದ ಸಹಕಾರ ಸಂಘದ ಸದಸ್ಯರಿಗೆ ಆ ಯೋಜನೆ ಇತ್ತು. ಆ ವರ್ಷ ನಾವು ದುಡ್ಡು ಕಟ್ಟಿರಲಿಲ್ಲ. ಕಾರ್ಯದರ್ಶಿ ಎರಡು ಸಲ ಹೇಳಿ ಕಳಿಸಿದ್ದರು, ನಾಳೆ ಕಟ್ಟೋಣ ಅಂತ ನಾವೇ ಮುಂದೂಡಿದ್ದೆವು. ಯಾರನ್ನು ದೂರೋದು? ಎರಡು ಎಕರೆ ಹೊಲ ಆಧಾರ ಮಾಡಿದೆವು. ಅಣ್ಣ ಬದುಕಿದ. ಕೋಲು ಹಿಡಿದು ಹಟ್ಟಿ ಬಾಗಿಲ ತನಕ ನಡೆಯುತ್ತಾನೆ. ಈಗಲೂ ಹುಣಸೆ ಸುಗ್ಗಿಯಲ್ಲಿ ಕಣದಲ್ಲಿ ಕೂತು ಬೀಜ ಬಿಡಿಸುವುದರಲ್ಲಿ ಅವನೇ ಮುಂದು.

ಅದಕ್ಕೇ ನಾವು ನಿರ್ದೇಶಕರಾದ ಮೇಲೆ ಮೊದಲು ಹಿಡಿದ ಹಟ ವಿಮೆಯದು. ಯಶಸ್ವಿನಿ 2018ರಲ್ಲಿ ನಿಂತು, ಮತ್ತೆ 2023ರ ಜನವರಿಯಿಂದ ಶುರುವಾಗಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಬ್ಯಾಂಕ್ ಖಾತೆ ಇದ್ದವರಿಗೆ ವರ್ಷಕ್ಕೆ 20 ರೂಪಾಯಿಯಲ್ಲಿ ಎರಡು ಲಕ್ಷದ ಅಪಘಾತ ವಿಮೆ ಇದೆ, 18ರಿಂದ 70 ವಯಸ್ಸಿನವರಿಗೆ. ಒಂದು ಲೋಟ ಕಾಫಿ, ಒಂದು ಬನ್ನಿನ ದುಡ್ಡು ಅದು. ಮರ ಹತ್ತುವ ಒಬ್ಬೊಬ್ಬರ ಹೆಸರೂ ಸಂಘದ ಪುಸ್ತಕದಲ್ಲಿ ಬರೆದಿದ್ದೇವೆ, ಷೇರುದಾರರಲ್ಲದ ಕೂಲಿಯವರದೂ ಸೇರಿಸಿ. ಕಸಿಗಿಡ ಹಾಕಿ ಅಂತ ನಾವು ಕಂಡವರನ್ನೆಲ್ಲ ಪೀಡಿಸುವುದಕ್ಕೂ ಇದೇ ಕಾರಣ. ಕಸಿಮರ ಅಷ್ಟು ಎತ್ತರ ಹೋಗಲ್ಲ, ಚಿಕ್ಕಂದಿನಲ್ಲೇ ಸವರಿಕೊಂಡು ಬಂದರೆ ಏಣಿ ಹಾಕಿ ಕಾಯಿ ಕೀಳಬಹುದು.

ಸಂಘದಿಂದ ಹುಣಸೆ ಒಟ್ಟು ಮಾಡಿ ಮಾರುವ ಕೆಲಸ ಶುರು ಮಾಡಿದ ಮೊದಲ ವರ್ಷ ಏನಾಯಿತು ಅಂತಲೂ ಹೇಳಿಬಿಡ್ತೀವಿ. ಸ್ಮರಣ ಸಂಚಿಕೆಯಲ್ಲಿ ಬರೀ ಸಾಧನೆ ಬರೆಯಬೇಕು ಅಂತ ಕೆಲವರು ಹೇಳಿದರು. ನಾವು ಒಪ್ಪಲಿಲ್ಲ. ಸದಸ್ಯರ ಹತ್ತಿರ ಕಾಯಿ ತಂದು ಗೋಡೌನಿನಲ್ಲಿ ಹಾಕಿದೆವು. ಪಕ್ಕದಲ್ಲೇ ಬಿತ್ತನೆ ಕಡಲೆಕಾಯಿ ಮೂಟೆ. ಜಾಗ ಖಾಲಿ ಇದೆ, ಇಲ್ಲೇ ಹಾಕಿ ಅಂದವರು ನಾವೇ. ಎರಡು ತಿಂಗಳಿಗೆ ಹುಣಸೆ ಬೀಜದಲ್ಲಿ ತೂತು, ಆಮೇಲೆ ಕಡಲೆಕಾಯಿಯಲ್ಲೂ ತೂತು, ಮೂಟೆ ಮೇಲೆ ಬಿಳೀ ಕಾಗದದಂಥ ಗೂಡುಗಳು. ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಬಂದು ನೋಡಿದ ಕೂಡಲೇ ಹೇಳಿದರು, ಇದು ಹುಣಸೆಯ ದುಂಬಿ, ಹುಣಸೆಯಿಂದಲೇ ಕಡಲೆಕಾಯಿಗೆ ಹೋಗುವುದು, ಎರಡನ್ನೂ ಒಂದೇ ಸೂರಿನಡಿ ಇಡಬಾರದು ಅಂತ. ದುಂಬಿ ಕಾಯಿ ಮೇಲೆ ಮೊಟ್ಟೆ ಇಡುತ್ತೆ, ಮರಿ ಕೊರೆದು ಒಳಗೆ ಹೋಗಿ ಬೀಜ ತಿನ್ನುತ್ತೆ. ಮುಂಗಾರಿಗೆ ಬೀಜ ಬೇಕಾದವರು ಗೋಡೌನ್ ಬಾಗಿಲಿಗೆ ಬಂದು ನಿಂತಾಗ ತಲೆ ಎತ್ತಲು ಆಗಲಿಲ್ಲ. ಆ ವರ್ಷದ ನಷ್ಟವನ್ನು ಸಂಘ ತುಂಬಿಕೊಟ್ಟಿತು, ನಿರ್ದೇಶಕರು ಸಿಟ್ಟಿಂಗ್ ಫೀ ಬಿಟ್ಟೆವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತು ಅಂತ ಊರೆಲ್ಲ ಆಡಿಕೊಂಡರು.

ಈಗ ಕಾಯಿ ಇಟ್ಟುಕೊಳ್ಳುವುದಿಲ್ಲ. ಕಿತ್ತ ಮೇಲೆ ಮೂರು ನಾಲ್ಕು ದಿನ ಒಳ್ಳೆ ಬಿಸಿಲಿಗೆ ಹಾಕಿ, ತೊಗಟೆ ಒಡೆದು, ನಾರು ಬೀಜ ತೆಗೆದು ತಿರುಳು ಮಾಡಿಯೇ ಇಡೋದು. ನೂರು ಕೆ.ಜಿ. ಕಾಯಿಯಲ್ಲಿ ಹೆಚ್ಚುಕಮ್ಮಿ ಅರ್ಧ ತಿರುಳು, ಮೂರನೇ ಒಂದು ಭಾಗದಷ್ಟು ಬೀಜ, ಉಳಿದದ್ದು ತೊಗಟೆ ನಾರು. ಬಿಡಿಸುವ ಕೆಲಸ ಪೂರಾ ಹೆಂಗಸರದು. ಬೆರಳ ತುದಿ ಹುಳಿಗೆ ಸುಟ್ಟು ಬಿರಿಯುತ್ತೆ, ರಾತ್ರಿ ರಾಗಿ ಮುದ್ದೆ ಮುರಿಯಲು ಆಗಲ್ಲ ಅಂತಾರೆ. ಉದ್ದಕ್ಕೆ ಮುರಿಯದ ಹಾಗೆ ಬಿಡಿಸಿದರೆ ಅದು ಕರಿಪುಲಿ, ಬಡಿದು ಚಪ್ಪಟೆ ಮಾಡಿದ್ದು ಫ್ಲವರ್. ತುಮಕೂರಿನಲ್ಲಾಗಲಿ ಹಿಂದೂಪುರದಲ್ಲಾಗಲಿ ಕರಿಪುಲಿಗೆ ಬೆಲೆ ಜಾಸ್ತಿ. ಆ ಹೆಚ್ಚಿಗೆ ಬೆಲೆ ಬರೋದು ಬಿಡಿಸಿದ ಕೈಯಿಂದ, ಆದ್ದರಿಂದ ಕರಿಪುಲಿ ಬಿಡಿಸುವವರಿಗೆ ಕೆ.ಜಿ. ಲೆಕ್ಕದ ಕೂಲಿ ಬೇರೆಯೇ ಇಡಬೇಕು ಅಂತ ಈ ವರ್ಷ ಠರಾವು ಮಾಡಿದ್ದೇವೆ. ಎಲ್ಲರೂ ಸಂತೋಷದಿಂದ ಒಪ್ಪಲಿಲ್ಲ, ಬಹುಮತದಿಂದ ಆಯಿತು.

ತಿರುಳು ಹೊರಗಡೆ ಇಟ್ಟರೆ ಮಳೆಗಾಲ ಬರುವಷ್ಟರಲ್ಲಿ ಕಪ್ಪಾಗುತ್ತೆ. ಮನೆಗೆ ಬೇಕಾದದ್ದಕ್ಕೆ ಉಪ್ಪು ಬೆರೆಸಿ ಗುದ್ದಿ ಮಡಕೆಯಲ್ಲಿ ತುಂಬಿದರೆ ಸಾಕು, ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಮಾರೋದಕ್ಕೆ ಬಣ್ಣವೇ ಬೆಲೆ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ ಬಣ್ಣ ನಿಲ್ಲುತ್ತೆ, ಆದರೆ ಹಸಿ ಇದ್ದದ್ದು ಇಡಬಾರದು, ಬಾಡಿಗೆ ಲೆಕ್ಕವೂ ನೋಡಬೇಕು. ಒಣಗಿದ ಹುಣಸೆಹಣ್ಣಿನ ಮೇಲಿದ್ದ ಶೇಕಡಾ 5ರ ಜಿ.ಎಸ್‌.ಟಿ. 2019ರ ಅಕ್ಟೋಬರಿನಿಂದ ತೆಗೆದಿದ್ದಾರೆ, ಬಿಲ್ಲಿನಲ್ಲಿ ಯಾರಾದರೂ ಹಾಕಿದರೆ ಕೇಳಿ.

ಬೀಜ ಬಿಸಾಡಬೇಡಿ. ನಾವು ಹುರಿದು ತಿಂದು ಹಲ್ಲು ಮುರಿದುಕೊಂಡದ್ದೇ ಗೊತ್ತು. ಬೀಜದ ಹಿಟ್ಟಿನಿಂದ ಬಟ್ಟೆ ಗಿರಣಿ, ಸೆಣಬಿನ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕ್ತಾರೆ. 1942ರಲ್ಲಿ ಘೋಷ್ ಮತ್ತು ಕೃಷ್ಣ ಅನ್ನೋ ಇಬ್ಬರು ಭಾರತೀಯ ವಿಜ್ಞಾನಿಗಳು ಬೀಜದ ಬೇಳೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅಂಟು ಕಟ್ಟುವ ವಸ್ತು ಇದೆ ಅಂತ ತೋರಿಸಿದರು, ಅಲ್ಲಿಂದ ಅದಕ್ಕೆ ಗಿರಾಕಿ ಬಂತು. ಇನ್ನೊಂದು ಮಾತು, ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ಗೊತ್ತು. ಹುಣಸೆ ತಿಂದವರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಗೆ ಹೋಗುತ್ತೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಕಂಡುಕೊಂಡಿದ್ದಾರೆ. ಹಾಗಂತ ಶುದ್ಧ ನೀರು ಬಿಟ್ಟು ಬರೀ ಸಾರು ಕುಡಿಯಿರಿ ಅಂತ ನಾವು ಹೇಳಲ್ಲ.

ಹುಣಸೆಮರದಲ್ಲಿ ದೆವ್ವ ಇರುತ್ತೆ, ಮನೆ ಹತ್ತಿರ ಹಾಕಬಾರದು ಅನ್ನುವವರು ಇದ್ದಾರೆ. ರಾತ್ರಿ ಎಲೆ ಮಡಚಿಕೊಂಡು, ಮರ ಬೇರೆ ತರಹವೇ ಕಾಣುತ್ತೆ, ಅದಕ್ಕೆ ಹೆದರಿರಬೇಕು. ಮನೆ ಹತ್ತಿರ ಬೇಡ, ಹೊಲದಲ್ಲಿ ಹಾಕಿ, ದೆವ್ವ ಅಲ್ಲೇ ಇರಲಿ.

ಈಗ ಆಡಳಿತ ಮಂಡಳಿ ಮುಂದೆ ಇರುವ ವಿಷಯ. ಹೂವು ಪಿಂದೆಯಲ್ಲಿ ಮರ ಗುತ್ತಿಗೆ ಕೊಡದೆ ಇರುವ ಸದಸ್ಯರಿಗೆ ಗೌರಿ ಹಬ್ಬಕ್ಕೆ ಮುಂಚೆ ಸಂಘದಿಂದ ಸಣ್ಣ ಸಾಲ, ಸುಗ್ಗಿಯಲ್ಲಿ ತಿರುಳು ಸಂಘಕ್ಕೆ ಹಾಕಿದಾಗ ಮುರಿದುಕೊಳ್ಳುವುದು. ವಾಪಸು ಬರುತ್ತಾ ಅಂತ ಕೆಲವು ನಿರ್ದೇಶಕರಿಗೆ ಅನುಮಾನ ಇದೆ, ಅದು ತಪ್ಪಲ್ಲ, ಸಂಘದ ದುಡ್ಡು ಎಲ್ಲರದು. ಕಾಯಿ ಕಮ್ಮಿ ಬಿಡೋ ವರ್ಷ ಏನು ಮಾಡೋದು ಅನ್ನೋ ಪ್ರಶ್ನೆಗೆ ನಮ್ಮ ಹತ್ತಿರವೂ ಪೂರ್ತಿ ಉತ್ತರ ಇಲ್ಲ. ಒಂದು ಮರದ ಎರಡು ವರ್ಷದ ಫಸಲು ಸೇರಿಸಿ ಲೆಕ್ಕ ಹಾಕಿ ಸಾಲ ಕೊಡಬೇಕು ಅಂತ ನಮ್ಮ ಸಲಹೆ. ಮುಂದಿನ ಸರ್ವ ಸದಸ್ಯರ ಸಭೆಗೆ ಇದು ಬರುತ್ತೆ, ನೀವೇ ತೀರ್ಮಾನ ಮಾಡಬೇಕು.

ಕಸಿಗಿಡ ಬೇಕಾದವರು ಯುಗಾದಿ ಒಳಗೆ ಕಾರ್ಯದರ್ಶಿಗಳ ಹತ್ತಿರ ಎಷ್ಟು ಗಿಡ ಅಂತ ಬರೆಸಿ. ಗುಂಡಿ ತೆಗೆದು ತೋರಿಸಿದವರಿಗೆ ಮೊದಲು ಕೊಡ್ತೀವಿ. ಮರ ಹತ್ತುವವರು ವಿಮೆ ಅರ್ಜಿಗೆ ಆಧಾರ್, ಬ್ಯಾಂಕ್ ಪುಸ್ತಕದ ಜೆರಾಕ್ಸ್ ತಂದು ಈವತ್ತೇ, ಊಟಕ್ಕೆ ಹೋಗೋ ಮುಂಚೆ, ಆ ಬಾಗಿಲ ಹತ್ತಿರದ ಮೇಜಿನಲ್ಲಿ ಕೊಡಿ. ಅಲ್ಲಿ ಬರೆದುಕೊಳ್ಳಲು ಕೂತಿರೋದು ನಮ್ಮ ಅಣ್ಣ.